ಬಣ್ಣ ಹಿಡಿಯದ ಮೂಲೆ

ಪೊನ್ನಮ್ಮಾಪೇಟೆ, ಸೇಲಂ
11 ಆಗಸ್ಟ್ 2024, ಭಾನುವಾರ

ಪ್ರೀತಿಯ ತಂಗಿ ವಾಣಿಗೆ,

ಆಪರೇಷನ್ ಆದ ಮಂಡಿ ಹೇಗಿದೆ? ಮೆಟ್ಟಿಲು ಹತ್ತುತ್ತೀಯಾ? ದೊಡ್ಡಬಳ್ಳಾಪುರದಲ್ಲಿ ಜೋರು ಮಳೆಯಂತೆ, ಮಗ್ಗದ ಕೋಣೆ ಸೋರುತ್ತಿಲ್ಲ ತಾನೆ? ನಾನು ಕನ್ನಡದಲ್ಲಿ ಕಾಗದ ಬರೆಯುವುದು ನಿನಗೊಬ್ಬಳಿಗೇ. ಅಕ್ಷರ ತಪ್ಪಿದ್ದರೆ ನಗಬೇಡ. ಇದನ್ನು ಕೂತು ಓದು. ಫೋನಿನಲ್ಲಿ ಹೇಳಿದ್ದರೆ ನೀನು ಅರ್ಧ ಕೇಳಿ, ಊರುಗೋಲು ಹಿಡಿದು ಬಸ್ಸು ಹತ್ತಿಬಿಡುತ್ತಿದ್ದೆ. ಅದಕ್ಕೇ ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ.

ಏಪ್ರಿಲ್‌ನಲ್ಲಿ ನೂಲಿಗೆ ಬಣ್ಣ ಹಾಕುವ ನಮ್ಮ ಪಟ್ಟರೆಗೆ ಮದುವೆ ಸೀರೆಗಳ ರೇಷ್ಮೆ ನೂಲು ಬಂದಿತ್ತು, ಎಲ್ಲಕ್ಕೂ ಅರಿಶಿನ ಬಣ್ಣ ಹಾಕಬೇಕಿತ್ತು. ಎರಡು ವಾರ ಅದರಲ್ಲೇ ಕೈ. ನಿನ್ನ ಅತ್ತಿಗೆ ಪಳನಿಯಮ್ಮನಿಂದ ದಿನಾ ಬೈಗುಳ: "ಸೋಪ್ ಆಕಿ ಉಜ್ಜಿ, ಮೈಗೆಲ್ಲಾ ಬಣ್ಣ ಅತ್ತೈತೆ!" ಉಜ್ಜಿ ಉಜ್ಜಿ ಚರ್ಮ ಉರಿಯತೊಡಗಿತು, ಹಳದಿ ಮಾತ್ರ ಹೋಗಲಿಲ್ಲ. ಕೊನೆಗೆ ಒಂದು ದಿನ ಸಾರು ಬಡಿಸಲು ಬಂದ ಸೊಸೆ ಜಯಪ್ರಿಯಾ ನನ್ನ ಮುಖ ನೋಡಿ ನಿಂತುಬಿಟ್ಟಳು. "ಮಾವಾ, ಬಣ್ಣ ಕಣ್ಣೊಳ್ಗೂ ಓಗುತ್ತಾ?"

ಸ್ಕ್ಯಾನ್ ಮಾಡಿಸಿದರು. ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ನೆಲ್ಲಿಕಾಯಿಯಷ್ಟು ಗಡ್ಡೆ, ಕ್ಯಾನ್ಸರ್. ಅದು ಪಿತ್ತದ ನಾಳವನ್ನು ಅದುಮಿದ್ದರಿಂದಲೇ ಮೈ ಹಳದಿಯಾದದ್ದು. ಹೆಚ್ಚಿನವರಿಗೆ ಹರಡಿದ ಮೇಲೇ ಗೊತ್ತಾಗುವ ರೋಗವಂತೆ, ನನಗೆ ಬೇಗ ತಿಳಿದದ್ದು ಅದೃಷ್ಟವಂತೆ. ಮೇ ತಿಂಗಳಲ್ಲಿ ಏಳು ಗಂಟೆ ಆಪರೇಷನ್ ಮಾಡಿ ತೆಗೆದರು. ಆ ದಿನಗಳಲ್ಲಿ ಪಳನಿಯಮ್ಮ ಬೈಯುವುದನ್ನೇ ನಿಲ್ಲಿಸಿದ್ದಳು. ವಾಣಿ, ನನಗೆ ನಿಜವಾಗಿ ಭಯವಾದದ್ದು ಆಗ.

ತೆಗೆದ ಗಡ್ಡೆಯನ್ನು ತೆಳ್ಳಗೆ ಸೀಳಿ, ಗಾಜಿನ ಮೇಲಿಟ್ಟು, ಬಣ್ಣ ಹಾಕಿ ನೋಡುತ್ತಾರೆ. ಗಡ್ಡೆಯನ್ನು ಹತೋಟಿಯಲ್ಲಿಡುವ ಒಂದು ಪ್ರೋಟೀನು ಇದೆಯಂತೆ, ಸ್ಮ್ಯಾಡ್‌ಫೋರ್ ಅಂತ ಹೆಸರು. ಅದು ಉಳಿದಿದ್ದರೆ ಕಂದು ಬಣ್ಣ ಹಿಡಿಯುತ್ತದೆ. ಅಳಿದಿದ್ದರೆ ಹಿಡಿಯುವುದಿಲ್ಲ, ರೋಗ ಬೇರೆ ಕಡೆಗೆ ಹರಡುವ ಸಂಭವ ಹೆಚ್ಚು. ನಲವತ್ತು ವರ್ಷ ಬಣ್ಣ ಕಾಯಿಸಿದವನು ಇದನ್ನು ಕೇಳಿ ಸುಮ್ಮನಿರಲಾದೀತೇ? ನನಗೂ ತೋರಿಸಿ ಎಂದು ಹಟ ಹಿಡಿದೆ. ಲ್ಯಾಬಿನ ಡಾಕ್ಟರಮ್ಮ, ನಮ್ಮ ಜಯಪ್ರಿಯಾಳ ವಯಸ್ಸು, ನಗುತ್ತಾ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.

ಎಲ್ಲೆಲ್ಲೂ ಕಾಫಿಪುಡಿ ಚೆಲ್ಲಿದ ಹಾಗೆ ಕಂದು ಚುಕ್ಕೆಗಳು. ಒಂದು ಮೂಲೆ ಮಾತ್ರ ಬೋಳು. ಮತ್ತೆ ನೋಡಿದೆ. ಆ ಮೂಲೆಯಲ್ಲಿ ಗಡ್ಡೆಯ ಪಕ್ಕದ, ಬಣ್ಣ ಹಿಡಿಯಲೇಬೇಕಾದ ಆರೋಗ್ಯವಂತ ಜೀವಕೋಶಗಳಿಗೂ ಬಣ್ಣವಿರಲಿಲ್ಲ. "ಅಮ್ಮಾ, ನೂಲು ಕೆಟ್ಟಿಲ್ಲ, ಇಲ್ಲಿ ಬಣ್ಣವೇ ಸರಿಯಾಗಿ ಬಿದ್ದಿಲ್ಲ" ಎಂದು ತಮಿಳಿನಲ್ಲಿ ಹೇಳಿದೆ. ಅವಳು ಗಾಜಿನ ಅಂಚಿನ ಮಸಿಗುರುತು ತೋರಿಸಿದಳು. ಮತ್ತೊಮ್ಮೆ ಬಣ್ಣ ಹಾಕಲು ಬೆಳಿಗ್ಗೆಯೇ ಎತ್ತಿಟ್ಟಿದ್ದಳಂತೆ! ನಾನೇ ಕಂಡುಹಿಡಿದೆನೆಂಬ ಜಂಬ ಅಲ್ಲೇ ಇಳಿಯಿತು. ಆದರೂ ಪೊನ್ನಮ್ಮಾಪೇಟೆಯಲ್ಲಿ ನಾನು ಹೇಳಿಕೊಂಡು ತಿರುಗುತ್ತಿರುವ ಕಥೆಯಲ್ಲಿ ಮಸಿಗುರುತು ಬರುವುದಿಲ್ಲ.

ಮೂರು ದಿನ ಬಿಟ್ಟು ಎರಡನೇ ಗಾಜು ತೋರಿಸಿದಳು. ಮೂಲೆಯೂ ಕಂದು. "ಗ್ಯಾರಂಟಿ ಇಲ್ಲೈಯಾ, ಆನಾ ನಲ್ಲ ಸೆಯ್ದಿದಾನ್" ಎಂದಳು. ಗ್ಯಾರಂಟಿ ಕೊಡದೆ ಒಳ್ಳೆಯ ಸುದ್ದಿ ಎಂದವಳ ಮೇಲೆ ನನಗೆ ಇನ್ನಷ್ಟು ನಂಬಿಕೆ ಬಂತು. ಈಗ ಕೀಮೋ ಅರ್ಧ ಮುಗಿದಿದೆ. ಊಟದ ಜೊತೆ ಮಾತ್ರೆ ನುಂಗಿದರೆ ರಾಗಿಮುದ್ದೆಯೂ ಜೀರ್ಣವಾಗುತ್ತದೆ. ಪಳನಿಯಮ್ಮ ಮತ್ತೆ ಬೈಯಲು ಶುರುಮಾಡಿದ್ದಾಳೆ, ಮನೆಗೆ ಜೀವ ಬಂದಿದೆ.

ಭಾವನವರಿಗೆ ನಮಸ್ಕಾರ ತಿಳಿಸು, ಮಕ್ಕಳ ತಲೆ ಸವರು. ನೀನು ನೂರು ಕಾಲ ಚೆನ್ನಾಗಿರು.

ನಿನ್ನ ಅಣ್ಣ,
ಕುಪ್ಪುಸ್ವಾಮಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನನ್ನ ರಕ್ತದಲ್ಲಿ ಹುಟ್ಟಿನಿಂದ ಬಂದ ಒಂದು ದೋಷ ಸಿಕ್ಕಿದೆ. ಒಡಹುಟ್ಟಿದವರಿಗೂ ಇರುವ ಸಂಭವ ಅರ್ಧಕ್ಕರ್ಧ, ಇದ್ದರೆ ವರ್ಷವರ್ಷ ನೋಡಿಸಿಕೊಳ್ಳಬೇಕಂತೆ. ಅಮ್ಮ ಹಳದಿಯಾಗಿ ತೀರಿಕೊಂಡಾಗ ನಿನಗೆ ಒಂಬತ್ತು ವರ್ಷ. ಕಾಮಾಲೆಯೆಂದು ಸೊಪ್ಪಿನ ರಸ ಕುಡಿಸುತ್ತಾ ಕೂತೆವು, ನಮಗೇನು ಗೊತ್ತಿತ್ತು? ಹತ್ತೊಂಬತ್ತನೇ ತಾರೀಖು ಬೆಂಗಳೂರಿನ ಆಸ್ಪತ್ರೆಯಲ್ಲಿ ಆ ರಕ್ತಪರೀಕ್ಷೆಗೆ ನಿನ್ನ ಹೆಸರಿಗೆ ಟೋಕನ್ ಹಾಕಿಸಿದ್ದೇನೆ. ಹಿಂದಿನ ದಿನವೇ ನಿನ್ನ ಮನೆಗೆ ಬರುತ್ತೇನೆ, ಇಬ್ಬರೂ ಹೋಗೋಣ. ಅಳುವುದಿದ್ದರೆ ನಾನು ಬರುವಷ್ಟರಲ್ಲಿ ಅತ್ತು ಮುಗಿಸು.