ಪಡಸಾಲ್ಯಾಗ ಜಾಝ್, ಅಡಗಿಮನ್ಯಾಗ ನಾನು

ಅಣ್ಣಾ,

ನೀ ಜೀವಂತ ಇದ್ದಾಗ ಒಮ್ಮಿನೂ ನಿನ್ನ ಹಿಂಗ ಕರೀಲಿಲ್ಲ. ‘ಅಣ್ಣಾರ, ಬರ್ರಿ. ಅಣ್ಣಾರ, ಕುಂಡ್ರರಿ. ಅಣ್ಣಾರ, ಚಾ ತಗೊಳ್ರಿ.’ ನಮ್ಮ ಓಣ್ಯಾಗ ಎಲ್ಲಾರೂ ತಮ್ಮ ಅಣ್ಣಂದಿರಿಗೆ ನೀ ಅಂತನ ಮಾತಾಡ್ತಿದ್ರು. ನಮ್ಮ ಮನ್ಯಾಗ ಮಾತ್ರ ಅಪ್ಪ ತೀರಿಕೊಂಡ ಮ್ಯಾಲೆ ನೀ ಹೋಗಿ ‘ನೀವು’ ಆದಿ. ಈಗ ಆ ‘ರಿ’ ತಗದ ಬಾಜೂಕ ಇಟ್ಟೇನಿ. ಸಿಟ್ಟ ಬಂದ್ರ ಎದ್ದ ಬಾ.

ಸತ್ತವರ ಬಗ್ಗೆ ಕೆಟ್ಟದ್ದು ಮಾತಾಡಬಾರದು ಅಂತ ಮಂದಿ ಹೇಳ್ತಾರ. ಇದ್ದಾಗ ನೀ ಬಾಯಿ ತಗೀಗೊಡಲಿಲ್ಲ. ಸತ್ತ ಮ್ಯಾಲೂ ಸುಮ್ಮನಿರಬೇಕಂದ್ರ ನಾ ಮಾತಾಡೂದು ಯಾವಾಗ?

ನೀ ಪುಣೆದಿಂದ ಬಂದದ್ದು ಇನ್ನೂ ಕಣ್ಣ ಮುಂದ ಐತಿ. ಕಾಲೇಜು ಕಲಿಯಾಕ ಹೋದಾಂವ ಅಪ್ಪನ ಮಣ್ಣಿಗೆ ಅಂತ ಬೈಲಹೊಂಗಲಕ್ಕ ಬಂದಿ, ತಿರುಗಿ ಹೋಗಲೇ ಇಲ್ಲ. ಅಪ್ಪನ ಅಡತಿ ಅಂಗಡಿ, ಹತ್ತಿ-ಅರಳಿ ವ್ಯಾಪಾರ, ಅವ್ವ, ನಾನು, ಎಲ್ಲಾ ನಿನ್ನ ಕೊರಳಿಗೆ ಬಿತ್ತು. ಆಮ್ಯಾಲೆ ಪುಣೆದ ಗೆಳೆಯಾ ಒಬ್ಬಾಂವ ನಿನ್ನ ಟ್ರಂಕು ಬಸ್ಸಿಗೆ ಹಾಕಿ ಕಳಿಸಿದಾ. ಅರಿವಿ ಇರಬೇಕು ಅಂತ ಅವ್ವ ತಗದ ನೋಡಿದ್ರ ಒಳಗ ಬರೇ ರೆಕಾರ್ಡು, ತಳದಾಗ ಒಂದ ಪ್ಲೇಯರ್. ‘ಅಮೆರಿಕಾದ ಕಪ್ಪು ಮಂದಿ ಕಟ್ಟಿದ ಸಂಗೀತ ಇದು, ಜಾಝ್ ಅಂತಾರ’ ಅಂತ ಹೇಳಿ ಒಂದ ಹಚ್ಚಿದಿ. ಅವ್ವ ಗಲ್ಲಕ್ಕ ಕೈ ಕೊಟಗೊಂಡ ಭಾಳ ಹೊತ್ತು ಕೇಳಿ, ‘ಹಾಡೂದು ಯಾವಾಗ ಸುರು ಮಾಡ್ತಾರಪಾ ಇವರು?’ ಅಂದಳು. ನಾ ಬಿದ್ದ ಬಿದ್ದ ನಕ್ನಿ. ನೀ ನಗಲಿಲ್ಲ. ನನ್ನ ಕಡೆ ಹಂಗ ಒಮ್ಮೆ ನೋಡಿದಿ. ಅವತ್ತಿನಿಂದ ಪಡಸಾಲಿ ನಿಂದು, ಅಡಗಿಮನಿ ನಂದು ಆತು.

ನಿನ್ನ ಕಲಿಯೂದು ಅರ್ಧಕ್ಕ ನಿಂತಿತು, ನನಗೂ ಕೆಟ್ಟ ಅನಿಸಿತ್ತು. ದಿನಾ ಅರಳಿ ಧೂಳ ಕುಡದ ಬರ್ತಿದ್ದಿ, ಮಾರಿ ತೊಳಕೊಂಡ ರೆಕಾರ್ಡ್ ಹಚ್ಚಿ ಕಣ್ಣ ಮುಚ್ಚತಿದ್ದಿ. ಆದ್ರ ನಿನ್ನ ಕಲಿಯೂದು ಬಿಡಿಸಿದ್ದು ಅಪ್ಪನ ಸಾವು. ನನಗ ಆಟಾ ಬಿಡಿಸಿದಾಂವ ನೀನು. ಸಾವಿನ ಮ್ಯಾಲೆ ಸಿಟ್ಟ ಮಾಡಾಕ ಬರೂದಿಲ್ಲ, ನಿನ್ನ ಮ್ಯಾಲೆ ಬರತೈತಿ.

ಒಂದ ಮಧ್ಯಾಹ್ನ ನಾ ರೊಟ್ಟಿ ಬಡಿಯಾಕ ಕುಂತಿದ್ನಿ. ಪಡಸಾಲ್ಯಾಗಿಂದ ನಿನ್ನ ದನಿ ಬಂತು: ‘ಏ ನೀಲಾ, ಬಡಿಯೂದು ನಿಲ್ಲಸ! ಬೇಸ್ ಕೇಳಸವಲ್ದು!’ ಬೇಸ್ ಅಂದ್ರ ಆ ದೊಡ್ಡ ತಂತಿವಾದ್ಯ, ಎಲ್ಲಾದಕ್ಕೂ ತಳದಾಗ ಗುಂ ಗುಂ ಅಂತ ನಡೀತಿರತೈತಲ್ಲ, ಅದು. ಬಡಿಲಾರದ ರೊಟ್ಟಿ ಹೆಂಗ ಮಾಡಬೇಕು ಅಂತ ನಾ ಕೇಳಲಿಲ್ಲ. ಕಿವಿ ಕೊಟ್ಟ ಕುಂತ್ನಿ. ಆ ಗುಂ ಗುಂ ಎಲ್ಲಿ ಬೀಳತೈತಿ, ಎಲ್ಲಿ ಖಾಲಿ ಬಿಡತೈತಿ ಅಂತ ನೋಡಿ, ಖಾಲಿ ಇದ್ದಲ್ಲಿ ಅಂಗೈ ಬಡಿಯಾಕ ಕಲತ್ನಿ. ಸ್ವಲ್ಪ ದಿನದ ಮ್ಯಾಲೆ ನೀ ಅಂದಿ: ‘ಈಗ ಬರೋಬರಿ ಐತಿ ನೋಡು. ಸಪ್ಪಳಾ ಕಡಿಮಿ ಮಾಡಿದಿ.’ ನಾ ಏನೂ ಕಡಿಮಿ ಮಾಡಿರಲಿಲ್ಲ ಅಣ್ಣಾ. ಅಷ್ಟ ಕೇಳೂ ಕಿವಿ ನಿನಗ ಇತ್ತೇನು?

ನನ್ನ ಹುಚ್ಚು ಬ್ಯಾರೆ ಇತ್ತು. ಕಾಲೇಜಿನಾಗ ಹಿರೇಮಠ ಟೀಚರ್ ಅಂತ ದಿನಾ ಕಿತ್ತೂರಿನಿಂದ ಬಸ್ಸಿಗೆ ಬರ್ತಿದ್ರು, ನಮಗ ಖೋಖೋ ಆಡಸ್ತಿದ್ರು. ಕಂಬದ ಸುತ್ತ ತಿರುಗಿ ನಾ ಓಡಾಕ ಹತ್ತಿದ್ರ ಹಿಡಿಯೂ ಹುಡಿಗಿ ಸುತ್ತ ನಾಕ ತಾಲೂಕಿನ್ಯಾಗ ಇರಲಿಲ್ಲ. ಇದು ಬಡಾಯಿ ಅಲ್ಲ, ಸವದತ್ತಿಯವರನ್ನೂ ರಾಮದುರ್ಗದವರನ್ನೂ ಕೇಳು. ನೀ ಮಾತ್ರ ಅದಕ್ಕ ‘ಕೋಳಿ ಆಟ’ ಅಂತಿದ್ದಿ. ಕ್ರಿಕೆಟ್ ಟೆಸ್ಟ್ ಇದ್ದ ದಿನಾ ರೇಡಿಯೋ ಕಿವಿಗೆ ಹಚಗೊಂಡ ಕುಂಡ್ರತಿದ್ದಿ. ಇಡೀ ದಿನ ಒಬ್ಬಾಂವ ಬ್ಯಾಟ್ ಹಿಡಕೊಂಡ ನಿಂತ್ರ ಅದು ಕಲಾ, ನಾವ ಓಡಿದ್ರ ಕೋಳಿ.

ನಿನ್ನ ಜಾಝೂ ನನ್ನ ಖೋಖೋನೂ ಒಂದ ಜಾತಿ ಅಂತ ನಿನಗ ಹೇಳಬೇಕು ಅಂತ ಎಷ್ಟ ಸಲ ಬಾಯಿತನಕ ಬಂದಿತ್ತು. ಒಬ್ಬಾಂವ ಎದ್ದ ಬಾರಿಸ್ತಾನ, ಉಳಿದವರು ಕಾಲ ತುದಿ ಮ್ಯಾಲೆ ಕುಂತಂಗ ತಯಾರ ಇರ್ತಾರ. ಅಂವ ಮುಗಿಸಿ ಬಾಜೂದಾಂವಗ ಬಿಟ್ಟಕೊಡ್ತಾನ, ಇಂವ ಅಲ್ಲಿಂದನ ಹಿಡದ ಓಡ್ತಾನ. ತಡಾ ಮಾಡಿದ್ರ ಆಟಾ ಹೋತು. ಬೆನ್ನ ಮ್ಯಾಲೆ ‘ಖೋ’ ಬಿದ್ದಾಗ ಮೈಯಾಗ ಏನ ಆಗತೈತಿ ಅಂತ ಗೊತ್ತಿದ್ದಾಕಿಗೆ ಆ ರೆಕಾರ್ಡು ಯಾರೂ ತಿಳಿಸಿ ಹೇಳಬೇಕಾಗಿಲ್ಲ. ಒಮ್ಮೆ ಚಾ ಕೊಡಾಕ ಬಂದಾಕಿ ಬಾಗಲದಾಗ ನಿಂತ ಕೇಳಿದ್ನಿ. ‘ಇದು ನಿನಗ ತಿಳಿಯೂದಿಲ್ಲ, ಕಪ್ ಅಲ್ಲಿಟ್ಟ ಹೋಗು’ ಅಂದಿ.

ಆ ದಿನದ ಮಾತಿಗೆ ಬರತೇನಿ. ಧಾರವಾಡದಾಗ ಯುನಿವರ್ಸಿಟಿ ತಂಡದ ಆಯ್ಕೆ ಇತ್ತು. ಅವ್ವಗ ಕಣ್ಣಿನ ಆಪರೇಶನ್ ಆಗಿತ್ತು. ನಿನ್ನ ಹೇಣ್ತಿ, ನಮ್ಮ ವೈನಿ, ಬಾಣಂತನಕ್ಕ ಮುನವಳ್ಳಿ ತವರಿಗೆ ಹೋಗಿದ್ದಳು. ನಿನ್ನ ಜಾಝ್ ಗೆಳೆಯಾರು ಪುಣೆದಿಂದ, ರಾಮದುರ್ಗದಿಂದ ಅವತ್ತನ ಬರೋರಿದ್ರು. ಬೆಳಿಗ್ಗೆ ಹಿರೇಮಠ ಟೀಚರ್ ಜೀಪ್ ತಗೊಂಡ ಬಾಗಲಕ್ಕ ಬಂದ್ರು. ನಾ ಕ್ಯಾನ್ವಾಸ್ ಬೂಟ್ ಹಾಕ್ಕೊಂಡ ತಯಾರ ಆಗಿದ್ನಿ.

‘ಅಣ್ಣಾರ, ನೀಲಾ ಇಲ್ಲಂದ್ರ ನಮ್ಮದು ಏನೂ ನಡಿಯೂದಿಲ್ಲರಿ. ಒಂದ ದಿನ ಕಳಸ್ರಿ. ಸಂಜಿಗೆ ನಾನ ಮನಿ ಮುಟ್ಟಸ್ತೇನಿ’ ಅಂದ್ರು ಟೀಚರ್.

‘ಮನಿಗೆ ಮಂದಿ ಬರಾಕ ಹತ್ಯಾರ ಟೀಚರ್. ಅವ್ವ ಒಲಿ ಮುಂದ ಕುಂಡ್ರೂಹಂಗಿಲ್ಲ. ಅಡಗಿ ಯಾರ ಮಾಡಬೇಕು?’

‘ಖಾನಾವಳಿಯಿಂದ ತರಸ್ರಿ. ಬೇಕಂದ್ರ ನಾ ಹೇಳಿ ಹೋಗತೇನಿ.’

‘ಪುಣೆದ ಮಂದಿಗೆ ಖಾನಾವಳಿ ಊಟಾ ಹಾಕ್ಲೇನು? ಆಕಿ ಇವತ್ತ ಓಡಲಿಲ್ಲಂದ್ರ ಏನ ಆಕಾಶ ಬೀಳತೈತಿ? ನಾಳೆ ಓಡ್ತಾಳ.’

ನಾಳೆ ಆಯ್ಕೆ ಇರಲಿಲ್ಲ ಅಣ್ಣಾ. ಟೀಚರ್ ಮತ್ತ ಏನೋ ಅನ್ನಾಕ ಹೋದ್ರು, ನೀ ಅವರಿಗೆ ಬೆನ್ನ ತಿರುವಿ ನನ್ನ ಕಾಲ ನೋಡಿ ಅಂದಿ: ‘ಅವನ್ನ ಬಿಚ್ಚು. ಒಲಿ ಮುಂದ ಬೂಟ್ ಹಾಕ್ಕೊಂಡ ಕುಂಡ್ರತೀ ಏನು?’ ಜೀಪ್ ಹೋತು. ನನ್ನ ಬದಲಿ ನೇಸರಗಿ ಹುಡಿಗಿ ಒಬ್ಬಾಕಿ ಓಡಿದಳು, ತಂಡಕ್ಕ ಆರಿಸಿ ಬಂದಳು, ದೂರ ದೂರ ಊರಿಗೆ ಹೋಗಿ ಆಡಿ ಬಂದಳು. ಆಕಿ ಮ್ಯಾಲೆ ನನಗ ಎಳ್ಳಷ್ಟೂ ಸಿಟ್ಟಿಲ್ಲ. ಸಿಟ್ಟೆಲ್ಲಾ ಹಂಗನ ನಿನಗ ಉಳಿಸಿ ಇಟ್ಟೇನಿ.

ಅವತ್ತ ನಾ ಹೋಳಿಗಿ ಲಟ್ಟಿಸಾಕ ಹತ್ತಿದ್ನಿ. ಪಡಸಾಲ್ಯಾಗ ನೀ ಗೆಳೆಯಾರಿಗೆ ಹೇಳಾಕ ಹತ್ತಿದ್ದಿ. ಒಂದೊಂದ ಮಾತೂ ಗ್ವಾಡಿ ದಾಟಿ ಬಂತು. ‘ಇದು ಸ್ವಾತಂತ್ರ್ಯದ ಸಂಗೀತ ನೋಡ್ರಿ. ಇಲ್ಲಿ ಯಾರ ಅಪ್ಪಣೀನೂ ಬೇಕಾಗಿಲ್ಲ. ಕಟ್ಟಿ ಹಾಕಿದ ಮನಶಾ ಹೆಂಗ ಹಾಡ್ತಾನ, ಕೇಳ್ರಿ.’ ಎಲ್ಲಾರೂ ‘ಕ್ಯಾ ಬಾತ್, ಕ್ಯಾ ಬಾತ್’ ಅಂದ್ರು. ಆಮ್ಯಾಲೆ ಡ್ರಮ್ಮಿನಾಂವ ಒಬ್ಬನ ಬಾರಿಸಾಕ ಸುರು ಮಾಡಿದಾ. ಒಲಿ ಮುಂದ ಕುಂತಲ್ಲೇ ನನ್ನ ಕಾಲು... ಹೋಗಲಿ, ಅದನ್ನ ನಿನಗ ಹೇಳಿ ಏನ ಮಾಡಲಿ?

ಆಮ್ಯಾಲಿಂದು ನಿನಗ ಗೊತ್ತೈತಿ. ಟೀಚರ್ ಬೆನ್ನಿಗೆ ನಿಂತ್ರು, ದೈಹಿಕ ಶಿಕ್ಷಣದ ತರಬೇತಿ ಮುಗಿಸಿ ನಾ ನೇಸರಗಿ ಸಾಲ್ಯಾಗ ಟೀಚರ್ ಆದ್ನಿ. ನೀ ತಂದ ಗಂಡುಗಳಿಗೆಲ್ಲಾ ಒಲ್ಲೆ ಅಂದ್ನಿ. ನೀ ಮಾತ ಬಿಟ್ಟಿ. ಹಬ್ಬಕ್ಕ ಬಂದ್ರ ‘ಅಣ್ಣಾರ, ಆರಾಮ ಅದೀರಿ?’ ಅಂತಿದ್ನಿ, ನೀ ತಲಿ ಆಡಿಸಿ ಪಡಸಾಲಿ ಬಾಗಲಾ ಹಾಕ್ಕೋತಿದ್ದಿ.

ನೀ ಹೋದ ಒಂದ ತಿಂಗಳಿಗೆ ನಿನ್ನ ಗೆಳೆಯಾರು ಅದೇ ಪಡಸಾಲ್ಯಾಗ ಸೇರಿದ್ರು. ನಿನ್ನ ಫೋಟೋಕ್ಕ ಮಾಲಿ, ಬಾಜೂಕ ಸಣ್ಣಗ ಹಾಡಾಕ ಹತ್ತಿದ ನಿನ್ನ ಪ್ಲೇಯರ್. ಎಂಥಾ ರಸಿಕ, ಎಂಥಾ ದೊಡ್ಡ ಮನಸು ಅಂತ ಒಬ್ಬರ ಆದ ಮ್ಯಾಲೆ ಒಬ್ಬರು. ಕಡೀಕ ಯಾರೋ ಅಂದ್ರು: ‘ಬಾಯಾರ, ತಂಗಿಯಾಗಿ ನೀವೂ ಎರಡ ಮಾತ ಹೇಳ್ರಿ.’ ನಾ ಎದ್ದ ನಿಂತ್ನಿ. ಜೀಪು, ಬೂಟು, ಹೋಳಿಗಿ, ಗ್ವಾಡಿ ದಾಟಿ ಬಂದ ಸ್ವಾತಂತ್ರ್ಯ, ಎಲ್ಲಾ ಹೇಳಿದ್ನಿ. ದನಿ ಏರಿಸಲಿಲ್ಲ. ಸಾಲ್ಯಾಗ ಪ್ರಾರ್ಥನಾಕ್ಕ ನಿಂತ ಹುಡುಗೂರಿಗೆ ಹೇಳಿದಂಗ ಹೇಳಿದ್ನಿ. ಎಲ್ಲಾರೂ ತಮ್ಮ ತಮ್ಮ ಕಾಲ ನೋಡಕೋತ ಕುಂತ್ರು.

ರಾಮದುರ್ಗದ ಕುಲಕರ್ಣಿ ಸರ್ ಕನ್ನಡಕ ತಗದು ಕೇಳಿದ್ರು: ‘ಅವತ್ತ ಹೋಳಿಗಿ ಮಾಡಿದಾಕಿ ನೀವ ಏನ್ರಿ?’

‘ಹೌದರಿ.’

‘ಅಡಗಿ ಯಾರ ಮಾಡ್ಯಾರ, ಕರೀರಿ, ಚಲೋ ಆಗೇತಿ ಅಂತ ಒಂದ ಮಾತ ಹೇಳೂಣು ಅಂತ ನಾ ಕೇಳಿದ್ನಿರಿ. ಅಡಗಿಯಾಕಿ ಅದಾಳ, ದಿನಾ ಬರ್ತಾಳ, ಬಿಡ್ರಿ ಅಂದ್ರು ನಿಮ್ಮ ಅಣ್ಣಾರು. ತಂಗಿ ಅಂತ ನಮಗ...’

ಅಡಗಿಯಾಕಿ. ನಾಚಿಕಿ ಯಾತಕ್ಕ ಬಂದಿತ್ತು ಅಣ್ಣಾ? ತಂಗಿ ಒಲಿ ಮುಂದ ಕುಂತಾಳ ಅಂತ? ಇಲ್ಲಾ, ಕರದ್ರ ನಾ ಎಲ್ಲಾರ ಮುಂದ ಏನರ ಅಂದೇನು ಅಂತ? ನೀ ಏನ ಉತ್ತರಾ ಕೊಡ್ತಿದ್ದಿ ಅಂತ ಎಷ್ಟ ಸಲ ವಿಚಾರ ಮಾಡೇನಿ. ಒಂದೂ ನಿನಗ ಮಾಫಿ ಕೊಡೂವಂಥಾದ್ದು ಸಿಗವಲ್ದು.

ಆಗ ವೈನಿ ಮೂಲ್ಯಾಗಿಂದ ಒಂದ ಮಾತ ಅಂದಳು: ‘ತಂಗಿಗೆ ಹಂಗ ಅಂದಿದ್ರ, ನನಗ ಏನಂತ ಹೇಳಿದ್ರರಿ ಸರ್?’ ವೈನಿ ಎದ್ದ ಹೋಗಿ ಪ್ಲೇಯರಿನ ಪ್ಲಗ್ ಕಿತ್ತಳು.

ಗೆಳೆಯಾರು ನಿನ್ನ ರೆಕಾರ್ಡು ತಮಗ ಕೊಡ್ರಿ, ಜೋಪಾನ ಮಾಡ್ತೇವಿ ಅಂದ್ರು. ವೈನಿ ಒಲ್ಲೆ ಅಂದಳು. ‘ನೀಲಾ, ನೀ ಒಯ್ಯಿ. ನನಗಂತೂ ಈ ಗದ್ದಲಾ ಸಾಕಾಗೇತಿ. ಇಲ್ಲಿ ನಾ ಒಂದ ಟಿವಿ ಇಟ್ಟ ಕಬಡ್ಡಿ ನೋಡತೇನಿ’ ಅಂದಳು. ಈಗ ಬೈಲಹೊಂಗಲದ ಪಡಸಾಲ್ಯಾಗ ಕಬಡ್ಡಿ, ನೇಸರಗಿಯ ನನ್ನ ಮನ್ಯಾಗ ಜಾಝ್. ವೈನಿ ಕಬಡ್ಡಿ ನೋಡಕೋತ ರೆಫ್ರಿಗೆ ಎಂಥಾ ಬೈಗಳಾ ಬೈತಾಳ ಅಂತೀ! ನಲವತ್ತ ವರ್ಷ ಆಕಿ ದನಿ ಹಿಂಗ ಐತಿ ಅಂತ ನನಗೂ ಗೊತ್ತಿರಲಿಲ್ಲ.

ನಿನ್ನ ರೆಕಾರ್ಡೆಲ್ಲಾ ನಾ ಕುರ್ಚಿ ಮ್ಯಾಲೆ ಕುಂತ, ಕಾಲ ಚಾಚಿ ಕೇಳೇನಿ. ಈಗ ಕೇಳು ನನ್ನ ಮಾತು. ನೀ ದೇವರಂತ ತಿಳಕೊಂಡಿದ್ದಿಯಲ್ಲ, ಆ ಸ್ಯಾಕ್ಸೊಫೋನಿನಾಂವ, ಮದವ್ಯಾಗ ಮೈಕ್ ಹಿಡದ್ರ ಬಿಡಲಾರದ ಮಂದಿ ಇರ್ತಾರಲ್ಲ, ಆ ಪೈಕಿ. ರೆಕಾರ್ಡಿನ ಒಂದ ಇಡೀ ಬಾಜೂ ಅಂವನ ಊದ್ತಾನ. ಡ್ರಮ್ಮಿನಾಂವ ಪಾಪ, ಈಗರ ಬಿಟ್ಟಾನು, ಈಗರ ಬಿಟ್ಟಾನು ಅಂತ ಕಾಯಕೋತ ಕಸಬರಗಿಯಿಂದ ಅಂಗಳಾ ಕಸಾ ಹೊಡದಂಗ ಹೊಡೀತಿರತಾನ. ಅಂವ ನನಗ ಛಲೋ ಅನಿಸ್ತಾನ. ಮತ್ತ ಆ ಹಾಡೂ ಹೆಂಗಸು, ನೀ ‘ಅಳಬುರುಕಿ’ ಅಂತ ಹೇಳಿ ಆಕಿ ರೆಕಾರ್ಡು ತಳದಾಗ ಇಟ್ಟಿದ್ದಿ, ಧೂಳ ಸುದ್ದಾ ಹೋಗಿರಲಿಲ್ಲ. ಒಂದ ಕಡೆ ಆಕಿಗೆ ಹಾಡಿನ ಮಾತ ಮರತ ಹೋಗತೈತಿ. ನಿಲ್ಲೂದಿಲ್ಲ. ಬಾಯಿಗೆ ಬಂದದ್ದು ಹಾಡಕೋತ ನಕ್ಕೋತ ಮುಂದ ಹೋಗ್ತಾಳ. ಅಳಬುರುಕಿ ಅಂತ! ನೀ ಅದನ್ನ ಪೂರಾ ಕೇಳೇ ಇಲ್ಲ ಅಂತ ನನಗ ಖಾತ್ರಿ ಐತಿ.

ಇನ್ನ ನಿನಗ ಗೊತ್ತಿಲ್ಲದ ಸುದ್ದಿ. ನನ್ನ ಕಡೆ ಖೋಖೋ ಕಲತ ಸವದತ್ತಿಯ ರೇಣುಕಾ ಈಗ ಪುಣೆದಾಗ ಅದಾಳ. ಆಕಿ ಫೋನ್ ಮಾಡಿದಳು: ‘ಟೀಚರ್, ಇಲ್ಲೊಂದ ಹಾಲಿನ್ಯಾಗ ಜಾಝ್ ಐತ್ರಿ, ಎದುರಾ ಎದುರ ಕುಂತ ಬಾರಿಸ್ತಾರ. ಬರ್ರಿ.’ ನೋಡಿದ್ರ ಅವತ್ತನ ನಿನ್ನ ವರ್ಷದ ಪುಣ್ಯತಿಥಿ. ನಿನ್ನ ಮಗಾ ‘ಅತ್ತಿ, ನೀವ ಬರಲಿಲ್ಲಂದ್ರ ಮಂದಿ ಏನಂತಾರ?’ ಅಂದಾ. ವೈನಿ ಅವನ ಕೈಯಾಗಿನ ಫೋನ್ ಕಸಗೊಂಡಳು. ‘ಹೋಗಿ ಬಾ ನೀಲಾ. ಇಲ್ಲಿ ನಾ ಕುಂತಿರತೇನಿ. ಯಾರರ ಒಬ್ಬರ ಕುಂಡ್ರಬೇಕಲ್ಲಾ.’

ನಿನ್ನ ಗದ್ದಿಗಿಗೆ ಎಲ್ಲಾರೂ ಹೂವು ಏರಿಸೂ ಹೊತ್ತಿಗೆ ನಾ ಪುಣೆದಾಗ ಇದ್ನಿ. ಇಳಕಲ್ ಸೀರಿ ಉಟಗೊಂಡ ಮುಂದಿನ ಸಾಲಿನ್ಯಾಗ ಕುಂತಿದ್ನಿ. ಡ್ರಮ್ ಮುಂದ ಒಂದ ಹುಡಿಗಿ ಕುಂತಿತ್ತು, ಇಪ್ಪತ್ತೈದರ ಒಳಗಿನ ವಯಸ್ಸು. ಏನ ಬಾರಿಸಿದಳು ಅಣ್ಣಾ! ಅಣ್ಣಾ ಅಂದ್ನಿ ನೋಡು, ರೂಢಿ. ಆಕಿ ಬೆವರು ಒರಸಕೊಳ್ಳಾಕ ನಿಲ್ಲಲಿಲ್ಲ, ಯಾರ ಮಾರಿನೂ ನೋಡಲಿಲ್ಲ. ರೆಕಾರ್ಡಿನ್ಯಾಗ ಇಷ್ಟ ವರ್ಷ ನಾ ಕೇಳಿದ್ದು ಬರೇ ಅದರ ನೆಳ್ಳು ಅಂತ ಅವತ್ತ ತಿಳೀತು. ನಿನಗ ಅದೂ ತಿಳಿಲಿಲ್ಲ. ಕೈಯಾಗ ರೊಕ್ಕ ಇತ್ತು, ಬಸ್ ಇದ್ವು, ಆದ್ರ ಒಮ್ಮಿನೂ ಎದುರ ಕುಂತ ಕೇಳಾಕ ಹೋಗಲಿಲ್ಲ ನೀನು. ಪಡಸಾಲಿ ಬಿಟ್ಟ ಹೊರಗ ಬಂದ್ರ ನೀ ಯಾರ ಅಂತ ಯಾರಿಗೂ ಗೊತ್ತಾಗೂದಿಲ್ಲ ಅಂತ ಹೆದರಿದ್ದೇನು?

ಮುಗದ ಮ್ಯಾಲೆ ಬಾಜೂಕ ಕುಂತ ಹೆಂಗಸು ಒಬ್ಬಾಕಿ ನನ್ನ ಸೀರಿ ನೋಡಿ ಕನ್ನಡದಾಗ ಮಾತಾಡಿಸಿದಳು. ಬೆಳಗಾವಿ ಕಡೆಯಾಕಿ. ‘ಪ್ರತಿಯೊಂದಕ್ಕೂ ಬರೋಬ್ಬರಿ ತಾಳಾ ಹಾಕಾಕ ಹತ್ತಿದ್ರಿ. ನಿಮ್ಮ ಕಡೆ ಊರಾಗ ಈ ನಾದಾ ಯಾರ ಹಚ್ಚಿದ್ರರಿ ನಿಮಗ?’

ನಿನ್ನ ಹೆಸರು ನಾಲಿಗಿ ತುದಿಗೆ ಬಂದಿತ್ತು. ನುಂಗಿದ್ನಿ.

‘ಯಾರೂ ಇಲ್ಲರಿ’ ಅಂದ್ನಿ.

ನೀಲಾ