ಬೀಗ ಹಾಕಿದ ಮನೆಯ ವಯಲೆಟ್

ವಂದನಕ್ಕ,

ನೀನು ತೀರಿಕೊಂಡ ಐದು ತಿಂಗಳ ಮೇಲೆ, ಇವತ್ತು ಮಧ್ಯಾಹ್ನ ಇಳಕಲ್ಲಿನಿಂದ ಬಂದು ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ನಿನ್ನ ಮನೆಯ ಬೀಗ ತೆಗೆದೆ. ನಿನ್ನ ಆಫ್ರಿಕನ್ ವಯಲೆಟ್ ಒಣಗಿಹೋಗಿರುತ್ತದೆ, ಕುಂಡ ಚೆಲ್ಲಿ ಬರೋಣ ಅಂದುಕೊಂಡಿದ್ದೆ. ಅಡುಗೆಮನೆಯ ಕಿಟಕಿಯಲ್ಲಿ ಅದು ಕುಂಡ ತುಂಬ ಬೆಳೆದು ನೇರಳೆ ಹೂ ಬಿಟ್ಟಿತ್ತು. ಮಣ್ಣು ಒದ್ದೆಯಾಗಿತ್ತು. ಪಕ್ಕದ ಚಹಾ ಕಪ್ಪಿನ ಮಣ್ಣಿನಲ್ಲಿ, ಹೊಸ ಗಿಡ ಚಿಗುರಲೆಂದು, ಯಾರೋ ಒಂದೇ ಒಂದು ಎಲೆ ನೆಟ್ಟಿದ್ದರು. ಕಿತ್ತು ನೋಡಿದೆ. ದಂಟನ್ನು ನೀನು ಕೊಯ್ಯುತ್ತಿದ್ದ ಹಾಗೆಯೇ ಓರೆಯಾಗಿ ಕೊಯ್ದಿದ್ದರು, ಅದು ಇವತ್ತು ಮುಂಜಾನೆ ಕೊಯ್ದಷ್ಟು ಹಸಿಯಾಗಿತ್ತು.

ಹೊರಗೆ ಬಂದು ಪಕ್ಕದ ಮನೆಯ ರೇಣವ್ವನವರನ್ನು ಕೇಳಿದೆ: "ಗಿಡಕ್ಕ ನೀರು ನೀವು ಹಾಕ್ತೀರೇನ್ರಿ?"

"ನಾ ಹೆಂಗ ಹಾಕಲ್ರಿ? ಕೀಲಿಕೈ ನಿಮ್ಮ ಕಡೇನ ಐತಲ್ರಿ," ಅಂದರು. ಆಮೇಲೆ ದನಿ ತಗ್ಗಿಸಿದರು. "ದಿನಾ ಮುಂಜಾನಿ ಕಿಟಕ್ಯಾಗ ಒಂದು ಕೈ ಕಾಣತಿತ್ತು. ನೀವ ಬಂದೀರಿ ಅಂತ ತಿಳಕೊಂಡಿದ್ದೆ."

ನೀನಿದ್ದಾಗ, "ಒಂದು ಐತವಾರ ಬಾ, ಗಿಡಾ ಬಿಡಿಸಿ ಬ್ಯಾರೆ ಹಚ್ಚೋದು ತೋರಸ್ತೇನಿ," ಎಂದು ಮೂರು ಸಲ ಫೋನ್ ಮಾಡಿದ್ದೆ. ಪರೀಕ್ಷೆಯ ಕೆಲಸವಿದೆ ಎಂದೆ. ನೀನು ಕೊನೆಯ ಸಲ ಕರೆದ ಆ ಭಾನುವಾರ ನಾನು ಬಾಗಲಕೋಟೆಯಲ್ಲೇ ಇದ್ದೆ, ಅಕ್ಕ. ಒಂದು ಮದುವೆಯಲ್ಲಿ ಊಟ ಮಾಡಿ ಹೊರಟುಹೋದೆ.

ಒಳಗೆ ಹೋಗಿ ಕುಂಡ ಮಗುಚಿದೆ. ಮೂರು ಗಿಡಗಳ ಬೇರುಗಳು ಹೆಣೆದುಕೊಂಡಿದ್ದವು. ಚಾಕು ಹಿಡಿದೆ. ನಾನು ಎಂದೂ ಗಿಡ ಬಿಡಿಸಿದವಳಲ್ಲ. ಆದರೆ ಎಲ್ಲಿ ಹಿಡಿಯಬೇಕು, ಎಲ್ಲಿ ಕೊಯ್ಯಬೇಕು ಎಂದು ಮೊದಲೇ ತಿಳಿದಿದ್ದಂತೆ ನನ್ನ ಬೆರಳುಗಳು ತಾವಾಗಿ ಸರಿದವು. ಒಂದು ಎಲೆಯೂ ಮುರಿಯಲಿಲ್ಲ.

ಎರಡು ಗಿಡಗಳನ್ನು ಇಳಕಲ್ಲಿಗೆ ತಂದಿದ್ದೇನೆ. ಮೂರನೆಯದನ್ನು ಅದೇ ಕಿಟಕಿಯಲ್ಲಿಟ್ಟು, ನೀರು ಹಾಕುವುದನ್ನು ನಿನಗೆ ಬಿಟ್ಟು, ಬೀಗ ಹಾಕಿಕೊಂಡು ಬಂದೆ.

ಸಂಪದಾ