ಗುಮ್ಮಟದ ಕೆಳಗಿನ ಪಿಸುಮಾತು

ಫೆಬ್ರವರಿ 3
ವಾಪಸು ಬಂದ ಪುಸ್ತಕ ರಾಶಿ. ಕಪಾಟಿಗೆ ಸೇರಿಸುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಲೈಬ್ರರಿ ರಿಪೇರಿಗೆ ಕೊನೆಗೂ ಮಂಜೂರಾತಿ ಬಂದಿದೆ. ನಮ್ಮ ಲೈಬ್ರರಿ ಸಾಹೇಬರು ನಕ್ಷೆ ಹರಡಿ ತೋರಿಸಿದರು. ದುಂಡು ಹಾಲಿಗೆ ಫಾಲ್ಸ್ ಸೀಲಿಂಗ್, ಎ.ಸಿ., ಬಿಳಿ ಟೈಲ್ಸ್. ಗುಮ್ಮಟ ಮೇಲೆ ಇದ್ದೇ ಇರುತ್ತದಂತೆ, ಕಾಣುವುದಿಲ್ಲ ಅಷ್ಟೇ.

"ಎಷ್ಟು ವರ್ಷದಿಂದ ಸೈಲೆನ್ಸ್ ಸೈಲೆನ್ಸ್ ಅಂತ ಗಂಟಲು ಹರ್ಕೊಂಡಿದೀರಿ ಮೇಡಂ. ಇನ್ಮೇಲೆ ಒಂದು ಚೂರೂ ಸದ್ದು ಮೊಳಗಲ್ಲ. ನಿಮಗೋಸ್ಕರಾನೇ ಹಾಕಿಸ್ತಿರೋದು."

ಪಾಪ, ಒಳ್ಳೆಯ ಮನುಷ್ಯ. ಬೈಯುವುದಕ್ಕೂ ಆಗಲಿಲ್ಲ.

ಫೆಬ್ರವರಿ 5
ಬೇಡ ಅನ್ನಬೇಕಿತ್ತು. ಏನಂತ ಹೇಳಲಿ? ಗೋಡೆ ಮಾತಾಡುತ್ತೆ ಸಾರ್, ಮುಚ್ಚಬೇಡಿ ಅಂತಲೇ?

ಮಾತಾಡುತ್ತಿತ್ತು. ಹಾಲಿನ ಆ ತುದಿಗೆ ನಮ್ಮ ಯಜಮಾನರ ಬೈಂಡಿಂಗ್ ಮೇಜು, ಈ ತುದಿಗೆ ನನ್ನ ಕೌಂಟರ್. ಇವರು ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಮಾತು ಗುಮ್ಮಟ ಹತ್ತಿ ನೇರ ನನ್ನ ಕಿವಿಗೆ ಇಳಿಯುತ್ತಿತ್ತು. ನಡುವೆ ಕೂತವರಿಗೆ ಒಂದಕ್ಷರವೂ ಇಲ್ಲ. "ಆ ಕನ್ನಡಕದವ್ರು ಪೇಪರ್ ಹಿಡ್ಕೊಂಡೇ ಗೊರಕೆ ಹೊಡೀತಿದಾರೆ ನೋಡೇ." ನಗು ತಡೆಯಲಾರದೆ ಒದ್ದಾಡುತ್ತಿದ್ದೆ.

ನನ್ನ ಮಾತು ನಿಮಗೂ ಕೇಳುತ್ತಾ ಅಂದರೆ, "ಇಲ್ವೇ, ಇದು ಒನ್ ವೇ." ಹಾಗಾಗಿ ನಾನು ಕಣ್ಣು ಬಿಟ್ಟು ಗದರಿಸುವುದಷ್ಟೇ. ಇವರ ಮೇಲಿನ ಸಿಟ್ಟನ್ನೆಲ್ಲ ಅಲ್ಲೇ ಧಾರಾಳವಾಗಿ ಗೊಣಗಿಕೊಳ್ಳುತ್ತಿದ್ದೆ...

ಇವರು ಹೋಗಿ ಎರಡು ವರ್ಷ. ಮಧ್ಯಾಹ್ನ ಜನ ಕಡಿಮೆಯಾದಾಗ ಈಗಲೂ ಕಿವಿ ಆ ಕಡೆಗೇ.

ಫೆಬ್ರವರಿ 19
ಗಾರೆ ನೆಲ ಕಿತ್ತರು. ಬಾಗಿಲಿಂದ ಕೌಂಟರಿನವರೆಗೆ ಕಾಲಿನಿಂದಲೇ ಸವೆದು ತಗ್ಗಾಗಿತ್ತು. ಈಗ ಆಸ್ಪತ್ರೆಗೆ ಬಂದ ಹಾಗಿದೆ. ಸುಣ್ಣದ ಗೋಡೆಗೆ ಬೂದು ಪೇಂಟ್. ಫೋನಿನಲ್ಲಿ ಮಗಳ ಹತ್ತಿರ ಅತ್ತೆ.

"ಬಿದ್ದು ಹೋಗೋದಕ್ಕಿಂತ ಇದು ವಾಸಿ ಅಲ್ವೇನಮ್ಮ?"

ವಾಸಿಯೇ. ಸೋರುವ ಕಡೆಯೆಲ್ಲ ಬಕೆಟ್ ಇಟ್ಟವಳು ನಾನೇ. ಆದರೂ...

ಮಾತು ಇವರ ಕಡೆಗೆ ಹೊರಳಿತು. ಕಾಯಿಲೆ ವಾಸಿಯಾಗುವುದಲ್ಲ ಎಂದು ಡಾಕ್ಟರು ಅಂದದ್ದನ್ನು ಕಡೆಯವರೆಗೂ ಇವರಿಂದ ಮುಚ್ಚಿಟ್ಟೆವು. ನಗುನಗುತ್ತಲೇ ಹೋದರು. ನನಗೆ ಅದೊಂದೇ ಸಮಾಧಾನ.

ಮಾರ್ಚ್ 2, ಸಂಜೆ
ನಾಳೆ ಸೀಲಿಂಗ್ ಮುಚ್ಚುತ್ತಾರೆ. ಚೌಕಟ್ಟು ಆಗಲೇ ತೂಗುತ್ತಿದೆ. ಕೆಲಸದವರು ಹೋದ ಮೇಲೆ ಇವರ ಮೂಲೆಗೆ ಹೋದೆ. ಮೇಜಿಲ್ಲ, ಸಿಮೆಂಟ್ ಮೂಟೆ. ಅದರ ಮೇಲೆಯೇ ಕೂತೆ. ಇಷ್ಟು ವರ್ಷ ಇಲ್ಲಿ ಕೂತವಳೇ ಅಲ್ಲ — ಕೌಂಟರ್ ಬಿಟ್ಟು ಬರುವುದೆಲ್ಲಿಂದ?

ಸಾಹೇಬರು ನನ್ನ ಕೌಂಟರಿನಲ್ಲಿ ಗೋಡೆಗೆ ತಿರುಗಿ ಫೋನಿನಲ್ಲಿದ್ದರು. ಹೆಂಡತಿಯ ಹತ್ತಿರ. ದನಿ ತಗ್ಗಿಸಿ.

"ಮೇಡಂ ಇನ್ನೂ ಹೋಗಿಲ್ಲ ಕಣೇ. ಒಬ್ರನ್ನೇ ಬಿಟ್ಟು ಹೇಗೆ ಬರ್ಲಿ?"

ಕಿವಿಯ ಪಕ್ಕದಲ್ಲೇ ಹೇಳಿದ ಹಾಗೆ ಕೇಳಿಸಿತು.

ಒನ್ ವೇ ಅಂತೆ. ಸುಳ್ಳುಬುರುಕ. ನಗು ಬಂತು. ನಾನು ಬೈದದ್ದನ್ನೆಲ್ಲ ಕೂತು ಕೇಳಿ ಮಜಾ ತೆಗೆದುಕೊಂಡಿದ್ದಾರೆ.

ಆಮೇಲೆ ನೆನಪಾಯಿತು. ಡಾಕ್ಟರು ಹೇಳಿದ್ದನ್ನು ಮಗಳಿಗೆ ತಿಳಿಸಿದ್ದು ಅದೇ ಕೌಂಟರಿನಿಂದ. ಹಾಗೇ ಗೋಡೆಗೆ ತಿರುಗಿ — ಅಪ್ಪಂಗೆ ಗೊತ್ತಾಗ್ಬಾರ್ದು ಅಂತ. ಫೋನಿಟ್ಟು ನೋಡಿದರೆ ಇವರು ತಲೆ ಬಗ್ಗಿಸಿ ಅಂಟು ಹಚ್ಚುತ್ತಿದ್ದರು. ಸ್ವಲ್ಪ ಹೊತ್ತಿಗೆ ಪಿಸುಮಾತು ಬಂತು. "ಹೊಸ ಚಪ್ಪಲಿ ತಗೋಬೇಕು ಕಣೇ. ಗಟ್ಟಿದು. ಹತ್ತು ವರ್ಷ ಬಾಳ್ಬೇಕು." ಸದ್ಯ, ಏನೂ ಗೊತ್ತಿಲ್ಲ ಎಂದುಕೊಂಡೆ.

ಎಲ್ಲ ಕೇಳಿಸಿಕೊಂಡಿದ್ದರು. ಒಬ್ಬರೇ ಕೂತು.

ಮಾರ್ಚ್ 3, ಬೆಳಗ್ಗೆ
ಕೆಲಸದವರು ಬರುವ ಮುಂಚೆ ಕೌಂಟರಿಗೆ ಹೋಗಬೇಕು. ಗೋಡೆಗೆ ಮುಖ ಮಾಡಿ ಒಂದು ಮಾತು ಹೇಳುವುದಿದೆ. ಅವತ್ತೇ ಹೇಳಬೇಕಿದ್ದದ್ದು. ಏನೆಂದರೆ, ರೀ —